ಪಟ್ಟಿ ಇದ್ದರೆ ಸಾಲದು, ಸೋಸಲು ಬರಬೇಕು!

ಗೆಳೆಯರೇ, ನವೆಂಬರ್ ಬಂದರೆ ಬಾವುಟ ಕಟ್ಟುತ್ತೇವೆ, ರಕ್ತದಾನ ಶಿಬಿರ ಮಾಡುತ್ತೇವೆ. ದಾನಿಗಳ ಹೆಸರು, ಗುಂಪು, ದಿನಾಂಕ ಎಲ್ಲವನ್ನೂ ಎಕ್ಸೆಲ್‌ಗೆ ಏರಿಸುತ್ತೇವೆ. ಸಂತೋಷ! ಆದರೆ ಯಾವುದೋ ನಡುರಾತ್ರಿ ‘ಓ ನೆಗೆಟಿವ್ ಬೇಕು’ ಎಂದು ಆಸ್ಪತ್ರೆಯಿಂದ ಫೋನ್ ಬಂದರೆ? ಐನೂರು ಹೆಸರುಗಳ ಮೇಲೆ ಬೆರಳಾಡಿಸುತ್ತಾ ಕೂರುತ್ತೀರಾ?

ಗುಂಪು ಸೋಸುವುದು ಸುಲಭ, ಫಿಲ್ಟರ್ ಗುಂಡಿ ಒತ್ತಿದರೆ ಮುಗಿಯಿತು. ಆದರೆ ಆ ಗುಂಪಿನಲ್ಲಿ ಇವತ್ತು ಕೊಡಬಲ್ಲವರು ಯಾರು? ನಮ್ಮ ದೇಶದ ನಿಯಮದಂತೆ ಒಮ್ಮೆ ರಕ್ತ ಕೊಟ್ಟ ಗಂಡಸು 90 ದಿನ, ಹೆಂಗಸು 120 ದಿನ ಕಾಯಬೇಕು. ಒಬ್ಬೊಬ್ಬರಿಗೂ ಲೆಕ್ಕ ಬೇರೆ. ಇದು ಗುಂಡಿಗೆ ಬಗ್ಗುವ ಕೆಲಸವಲ್ಲ, ಸೂತ್ರಕ್ಕೆ ಬಗ್ಗುವ ಕೆಲಸ.

ಎಕ್ಸೆಲ್‌ನ ಅಡ್ವಾನ್ಸ್ಡ್ ಫಿಲ್ಟರ್ ಇರುವುದೇ ಇದಕ್ಕೆ. ಪಟ್ಟಿಯ ಹೊರಗೆ ಶರತ್ತಿಗೆ ಜಾಗ ಮಾಡಿ. ಒಂದು ಕಾಲಂನಲ್ಲಿ ಪಟ್ಟಿಯಲ್ಲಿರುವ ‘ಗುಂಪು’ ಎಂಬ ತಲೆಬರಹವನ್ನೇ ಬರೆದು, ಕೆಳಗೆ ಬೇಕಾದ ಗುಂಪು ಬರೆಯಿರಿ. ಪಕ್ಕದ ಕಾಲಂನ ತಲೆಬರಹ ಖಾಲಿ ಬಿಡಿ. ಅದರ ಕೆಳಗೆ ಸೂತ್ರ: ಇವತ್ತಿನ ದಿನಾಂಕದಿಂದ ಕೊನೆಯ ದಾನದ ದಿನಾಂಕ ಕಳೆದರೆ ಬರುವ ಸಂಖ್ಯೆ, ‘ಗಂಡು’ ಎಂದಿದ್ದರೆ 90, ಇಲ್ಲದಿದ್ದರೆ 120, ಇದಕ್ಕಿಂತ ಕಡಿಮೆ ಇರಬಾರದು. ಸೂತ್ರ ಮೊದಲ ದಾನಿಯ ಸಾಲನ್ನಷ್ಟೇ ತೋರಿಸಲಿ, ಆ ಸಾಲಿನ ಸಂಖ್ಯೆಗೆ ಡಾಲರ್ ಗುರುತಿನ ಬೀಗ ಜಡಿಯಬೇಡಿ. ಉಳಿದ ಸಾಲುಗಳಿಗೆ ಅದು ತಾನೇ ಇಳಿಯುತ್ತದೆ. ‘ನಿಜ’ ಎಂದು ಉತ್ತರ ಬಂದವರು ಉಳಿಯುತ್ತಾರೆ, ‘ಸುಳ್ಳು’ ಎಂದು ಬಂದವರು ಮರೆಯಾಗುತ್ತಾರೆ.

ಎಚ್ಚರ! ದಿನಾಂಕದ ಕೋಶ ಖಾಲಿ ಬಿಟ್ಟರೆ ನಿನ್ನೆ ರಕ್ತ ಕೊಟ್ಟವನನ್ನೂ ಈ ಸೂತ್ರ ‘ನಿಜ’ ಎಂದೇ ತೋರಿಸುತ್ತದೆ.

ಇನ್ನೊಂದು ರೋಗ ನಮ್ಮದೇ. ಪಟ್ಟಿಯ ಅರ್ಧ ಹಳೆಯ ನುಡಿ ಫಾಂಟಿನಲ್ಲಿ, ಅರ್ಧ ಯೂನಿಕೋಡಿನಲ್ಲಿ! ನಮ್ಮ ಕಣ್ಣಿಗೆ ಎರಡೂ ‘ಗಂಡು’. ಆದರೆ ಯಂತ್ರದ ಹೊಟ್ಟೆಯಲ್ಲಿ ಹಳೆಯದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. 90 ದಿನ ಕಳೆದು ರಕ್ತ ಕೊಡಲು ಸಿದ್ಧನಿರುವ ಹುಡುಗನನ್ನು ಸೂತ್ರ ಗಂಡೆಂದು ಗುರುತಿಸದೆ, 120 ದಿನದವರೆಗೆ ಮುಚ್ಚಿಡುತ್ತದೆ. ಅವನ ಗುಂಪನ್ನೂ ಹಳೆ ಫಾಂಟಿನಲ್ಲಿ ಬರೆದಿದ್ದರೆ ಅವನು ಪಟ್ಟಿಯಲ್ಲಿದ್ದೂ ಇಲ್ಲದವನು. ಅತ್ತ ಆಸ್ಪತ್ರೆಯಲ್ಲಿ ಜೀವ ಕಾಯುತ್ತಿರುತ್ತದೆ.

ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದೆ. ಇನ್ನೂ ಹಳೆ ಫಾಂಟಿಗೆ ಜೋತುಬಿದ್ದರೆ ಅದು ಅಭಿಮಾನವಲ್ಲ, ಸೋಮಾರಿತನ.

ರಕ್ತ ಪಡೆಯಬಹುದೇ ಎಂಬ ಕೊನೆಯ ಮಾತು ಬ್ಲಡ್ ಬ್ಯಾಂಕ್ ವೈದ್ಯರದ್ದು. ಸರಿಯಾದ ಹೆಸರನ್ನು ಅವರ ಬಾಗಿಲಿಗೆ ಮುಟ್ಟಿಸುವ ಹೊಣೆ ನಿಮ್ಮದು. ಈ ಭಾನುವಾರವೇ ಕೂತು ಪಟ್ಟಿ ತಿದ್ದಿ, ಸೂತ್ರ ಬರೆಯಿರಿ. ಫೋನ್ ಬಂದ ಮೇಲೆ ಕಲಿಯಲು ಪುರುಸೊತ್ತಿರುವುದಿಲ್ಲ!