ಲಾಳ ಸವೆಯಲಿ, ಗೊರಸಲ್ಲ

ಪುಣೆಯ ಭೋಸರಿ, ಚಿಂಚವಾಡ ಕಡೆಯ ವರ್ಕ್‌ಶಾಪುಗಳಲ್ಲಿ ನಮ್ಮವರು ಎಷ್ಟು ಜನ ಇದ್ದಾರೆ ಅಂತ ಇಲ್ಲಿರೋರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವಿಜಾಪುರ, ಗುಲ್ಬರ್ಗ, ಬೆಳಗಾವಿ ಕಡೆಯಿಂದ ಐ.ಟಿ.ಐ. ಮುಗಿಸಿ ಬಂದವರು. ಹತ್ತು ಹದಿನೈದು ವರ್ಷ ಇನ್ನೊಬ್ಬರ ಶಾಪಿನಲ್ಲಿ ದುಡಿದು, ಆಮೇಲೆ ಬ್ಯಾಂಕಿನ ಸಾಲ ತೆಗೆದು ಒಂದು ಸಿ.ಎನ್.ಸಿ. ಲೇತ್, ಒಂದು ವಿ.ಎಂ.ಸಿ. ಹಾಕಿಕೊಂಡವರು. ಈ ಬರಹ ಮುಖ್ಯವಾಗಿ ಅವರಿಗೆ. ವಿಷಯ ಕೇಳೋಕೆ ಚಿಕ್ಕದು: ಬರ್ ತೆಗೆಯುವಾಗ ಯಂತ್ರ ಸವೆಯೋದು.

ಈ ಕಸುಬು ಗೊತ್ತಿಲ್ಲದವರಿಗೆ ಒಂದು ಮಾತು. ಗರಗಸದಲ್ಲಿ ಕಟ್ಟಿಗೆ ಕೊಯ್ದರೆ ಅಂಚಿನಲ್ಲಿ ಸಿಬಿರು ಏಳುತ್ತದಲ್ಲ, ಲೋಹ ಕೊರೆದಾಗಲೂ ಅಂಥದ್ದೇ ಒಂದು ಚೂಪು ಅಂಚು ಉಳಿಯುತ್ತದೆ. ಅದೇ ಬರ್. ಅದನ್ನು ತೆಗೆಯದೆ ಪಾರ್ಟ್ ಕಳಿಸೋ ಹಾಗಿಲ್ಲ. ಕೈ ಕೊಯ್ಯುತ್ತದೆ, ಜೋಡಣೆಯಲ್ಲಿ ಕೂರೋದಿಲ್ಲ, ಬಿಚ್ಚಿ ಎಣ್ಣೆಯ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಎಲ್ಲರೂ ತೆಗೀತಾರೆ. ಎಲ್ಲಿ ತೆಗೀತಾರೆ ಅನ್ನೋದೇ ನನ್ನ ತಕರಾರು.

ಪಾರ್ಟ್ ಇನ್ನೂ ಚಕ್‌ನಲ್ಲಿ ತಿರುಗುತ್ತಿರುವಾಗಲೇ ಎಮರಿ ಪಟ್ಟಿ ಹಿಡಿದುಬಿಡೋದು. ಇಲ್ಲವೇ ವಿ.ಎಂ.ಸಿ. ಟೇಬಲ್ ಮೇಲೆಯೇ ಹ್ಯಾಂಡ್ ಗ್ರೈಂಡರ್ ಓಡಿಸೋದು. ಕೇಳಿದರೆ, "ಅಣ್ಣಾರ, ಮಷೀನ್ ಮ್ಯಾಲೆನ ಹೊಡದ್ರ ಒಂದ್ ಮಿನಿಟ್‌ನ್ಯಾಗ ಮುಗೀತದ, ಇಳಿಸಿ ಮತ್ತೊಬ್ಬನ ಕೈಯಾಗ ಯಾಕ ಕೊಡಬೇಕು?" ಅನ್ನೋ ಉತ್ತರ. ತಿರುಗೋ ಪಾರ್ಟಿಗೆ ಕೈಯಿಂದ ಎಮರಿ ಹಿಡಿದರೆ ಬೆರಳು ಹೋಗೋ ಅಪಾಯ ಇದೆ. ಆ ಒಂದು ಕಾರಣಕ್ಕೇ ಅದನ್ನು ನಿಲ್ಲಿಸಬೇಕು. ಅದನ್ನು ಪಕ್ಕಕ್ಕಿಟ್ಟು ಬರೀ ದುಡ್ಡಿನ ಲೆಕ್ಕ ಹಾಕಿದರೂ ಈ ಒಂದು ನಿಮಿಷದ ಉಳಿತಾಯ ಬಹಳ ದುಬಾರಿ.

ಯಾಕೆ ಅಂತ ನೋಡಿ. ಗಡಸುತನ ಅಳೆಯೋ ಮೋಹ್ಸ್ ಪಟ್ಟಿಯಲ್ಲಿ ವಜ್ರ 10. ಎಮರಿ ಪೇಪರಿನಲ್ಲಿರೋ ಅಲ್ಯೂಮಿನಿಯಂ ಆಕ್ಸೈಡ್ 9, ಕಪ್ಪು ಪೇಪರಿನ ಸಿಲಿಕಾನ್ ಕಾರ್ಬೈಡ್ ಅದಕ್ಕಿಂತ ಸ್ವಲ್ಪ ಮೇಲೆ. ಹದ ಮಾಡಿದ ಉಕ್ಕು 7ರಿಂದ 8. ಅಂದರೆ ನಿಮ್ಮ ಯಂತ್ರದ ಗೈಡ್‌ವೇ, ಬಾಲ್ ಸ್ಕ್ರೂ ಎಷ್ಟೇ ಗಟ್ಟಿ ಇರಲಿ, ಈ ಪುಡಿ ಅದಕ್ಕಿಂತ ಗಟ್ಟಿ. 120 ನಂಬರಿನ ಪೇಪರಿನ ಕಣ ಸುಮಾರು ಒಂದು ಮಿಲಿಮೀಟರಿನ ಹತ್ತರಲ್ಲೊಂದು ಭಾಗ ದಪ್ಪ. ಅದನ್ನು ವೈಪರ್ ತಡೆಯುತ್ತದೆ ಅನ್ನಿ. ಆದರೆ ಉಜ್ಜುವಾಗ ಕಣ ಒಡೆದು ಇನ್ನೂ ಸಣ್ಣದಾಗುತ್ತದೆ. ವೈಪರಿನ ಕೆಳಗೆ ನುಸುಳೋದು ಈ ಸಣ್ಣ ಪುಡಿಯೇ.

ಒಳಗೆ ಹೋದ ಪುಡಿ ಅಲ್ಲಿರೋ ಸ್ಲೈಡ್‌ವೇ ಎಣ್ಣೆಯ ಜೊತೆ ಕಲೆಯುತ್ತದೆ. ಎಣ್ಣೆ, ಮೇಲೆ ಎಮರಿ ಪುಡಿ... ಇದಕ್ಕೆ ನಮ್ಮ ಶಾಪುಗಳಲ್ಲಿ ಏನಂತಾರೆ? ಲ್ಯಾಪಿಂಗ್ ಪೇಸ್ಟ್! ಲ್ಯಾಪಿಂಗ್ ಮಾಡುವಾಗ ಮೆತ್ತನೆಯ ಲೋಹದಲ್ಲಿ ಕಣ ಕಚ್ಚಿಕೊಂಡು ಕೂತು ಎದುರಿನ ಗಟ್ಟಿ ಲೋಹವನ್ನು ತಿನ್ನುತ್ತದೆ. ಯಂತ್ರದಲ್ಲೂ ಅದೇ. ಸ್ಲೈಡಿನ ಮೆತ್ತನೆಯ ಲೈನಿಂಗಿನಲ್ಲಿ ಕಣ ಕೂರುತ್ತದೆ, ಗಟ್ಟಿ ಬೆಡ್ಡು ಸವೆಯುತ್ತದೆ. ಹಳೇ ಎಚ್.ಎಂ.ಟಿ. ಲೇತ್ ಕೊಳ್ಳೋಕೆ ಹೋದ ಅನುಭವಸ್ಥ ಮಿಸ್ತ್ರಿ ಮೊದಲು ನೋಡೋದು ಚಕ್ಕಿನ ಹತ್ತಿರದ ಬೆಡ್ಡನ್ನು. ಹೆಚ್ಚು ಓಡಾಟ ಅಲ್ಲಿಯೇ, ಹೆಚ್ಚು ಪುಡಿ ಬೀಳೋದೂ ಅಲ್ಲಿಯೇ, ಹೆಚ್ಚು ಸವೆತವೂ ಅಲ್ಲಿಯೇ.

ಇದು ಆ ದಿನ ಕಾಣೋದಿಲ್ಲ ಅನ್ನೋದೇ ಕಷ್ಟ. ತಿಂಗಳುಗಟ್ಟಲೆ ಏನೂ ಆಗೋದಿಲ್ಲ. ಆಮೇಲೆ ಒಂದು ದಿನ ಗುಂಡಗೆ ಮಿಲ್ ಮಾಡಿದ ಬೋರಿನಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಗೆರೆ. ಬ್ಯಾಕ್‌ಲ್ಯಾಶ್ ಬಂತು ಅಂತ ಕಂಟ್ರೋಲಿನಲ್ಲಿ ಕಾಂಪೆನ್ಸೇಶನ್ ಅಂಕಿ ತುಂಬಿಸ್ತಾರೆ. ಆದರೆ ಸ್ಕ್ರೂ ಸವೆದಿರೋದು ಹೆಚ್ಚು ಕೆಲಸ ಮಾಡಿದ ಜಾಗದಲ್ಲಿ, ತುದಿಗಳಲ್ಲಿ ಅಲ್ಲ. ಒಂದು ಅಂಕಿ ಇಡೀ ಉದ್ದಕ್ಕೆ ಹೊಂದೋದು ಹೇಗೆ? ಮಧ್ಯದಲ್ಲಿ ಸರಿಯಾದರೆ ಅಂಚಿನಲ್ಲಿ ತಪ್ಪುತ್ತದೆ. ರಿಜೆಕ್ಷನ್ ಏರುತ್ತದೆ, ಆರ್ಡರ್ ಪಕ್ಕದ ಶಾಪಿಗೆ ಹೋಗುತ್ತದೆ. ಬ್ಯಾಂಕಿನ ಕಂತು ಮಾತ್ರ ಎಲ್ಲಿಗೂ ಹೋಗೋದಿಲ್ಲ.

ಊರಲ್ಲಿ ಎತ್ತಿಗೆ ಲಾಳ ಹೊಡೆಸೋದು ನೋಡಿದ್ದೀರಲ್ಲ? ರಸ್ತೆ ಸವೆಸೋದನ್ನು ಯಾರೂ ನಿಲ್ಲಿಸೋಕಾಗಲ್ಲ. ಸವೆಯೋದು ಲಾಳ ಆಗಿರಲಿ, ಗೊರಸು ಆಗದಿರಲಿ, ಅಷ್ಟೇ ಲೆಕ್ಕ. ಮಷೀನ್ ಶಾಪಿನಲ್ಲೂ ಇಷ್ಟೇ ಬುದ್ಧಿ ಸಾಕು ಅಂತ ನನ್ನ ವಾದ. ಸವೆತ ಇದ್ದೇ ಇರುತ್ತದೆ, ಅದು ಅಗ್ಗದ, ಬದಲಾಯಿಸಬಹುದಾದ ವಸ್ತುವಿನ ಮೇಲೆ ಬೀಳಬೇಕು. ಬಟ್ಟಲು ನಡುಗಿಸಿ ಬರ್ ತೆಗೆಯೋ ವೈಬ್ರೇಟರಿ ಯಂತ್ರ ನೋಡಿ. ಅದರೊಳಗೆ ಪಾಲಿಯುರಿಥೇನ್ ಲೈನಿಂಗ್ ಇರುತ್ತದೆ. ಸವೆಯಲಿ ಅಂತಲೇ ಹಾಕಿದ್ದು, ಸವೆದರೆ ಬೇರೆ ಹಾಕಿಸಬಹುದು. ನಮ್ಮ ವಿ.ಎಂ.ಸಿ. ಹಾಗಲ್ಲ.

ಹಾಗಾದರೆ ಮಾಡೋದೇನು? ನನ್ನ ಪ್ರಕಾರ ಕ್ರಮ ಹೀಗಿರಬೇಕು.

ಮೊದಲನೆಯದು, ಬರ್ ಕಡಿಮೆ ಏಳೋ ಹಾಗೆ ನೋಡಿಕೊಳ್ಳೋದು. ಮೊಂಡಾದ ಇನ್ಸರ್ಟ್ ಇನ್ನೂ ನೂರು ಪೀಸ್ ಓಡಲಿ ಅಂತ ಎಳೆದರೆ ಬರ್ ದಪ್ಪವಾಗುತ್ತದೆ.

ಎರಡನೆಯದು, ಉಜ್ಜೋ ಬದಲು ಕತ್ತರಿಸೋದು. ಅದೇ ಪ್ರೋಗ್ರಾಮಿನ ಕೊನೆಗೆ ಒಂದು ಚೇಂಫರ್ ಟೂಲ್ ಅಂಚಿನ ಗುಂಟ ಓಡಿಸಿದರೆ ಬೀಳೋದು ಮಾಮೂಲಿ ಚಿಪ್ಪು, ಎಮರಿ ಪುಡಿಯಲ್ಲ. ರಂಧ್ರದ ಹಿಂಬದಿಗೆ ಸ್ಪ್ರಿಂಗ್ ಇರೋ ಬ್ಯಾಕ್ ಚೇಂಫರ್ ಟೂಲುಗಳೂ ಸಿಗುತ್ತವೆ.

ಮೂರನೆಯದು, ಉಜ್ಜಲೇಬೇಕಾದರೆ ಯಂತ್ರದಿಂದ ಇಳಿಸಿ, ದೂರದ ಬೆಂಚಿನ ಮೇಲೆ, ಧೂಳು ಎಳೆಯೋ ವ್ಯವಸ್ಥೆಯ ಜೊತೆ. ಆ ಧೂಳು ಯಂತ್ರಕ್ಕಷ್ಟೇ ಅಲ್ಲ, ಹುಡುಗರ ಪುಪ್ಪುಸಕ್ಕೂ ಹೋಗುತ್ತದೆ. ಅಲ್ಯೂಮಿನಿಯಂ ಧೂಳು ಮತ್ತು ಉಕ್ಕಿನ ಕಿಡಿ ಒಂದೇ ಪೈಪಿಗೆ ಬಿಡಬೇಡಿ, ಸ್ಫೋಟವಾದೀತು.

ನಾಲ್ಕನೆಯದು, ಯಂತ್ರದೊಳಗೇ ಅಬ್ರೇಸಿವ್ ಬ್ರಷ್ ಓಡಿಸಲೇಬೇಕು ಅಂತಾದರೆ ಒಣ ಬೇಡ, ಕೂಲಂಟ್ ಬಿಟ್ಟೇ ಓಡಿಸಿ. ಆದರೆ ಆ ಪುಡಿ ಕೂಲಂಟ್ ಟ್ಯಾಂಕಿಗೆ ಇಳಿದು ಪಂಪಿನ ಮೂಲಕ ಮತ್ತೆ ಮೇಲೆ ಬರುತ್ತದೆ. "ನಮ್ಮಲ್ಲಿ ಮ್ಯಾಗ್ನೆಟಿಕ್ ಸೆಪರೇಟರ್ ಇದೆ" ಅಂತ ನಿಶ್ಚಿಂತೆಯಿಂದ ಇರೋರನ್ನು ನೋಡಿದ್ದೇನೆ. ಅಯಸ್ಕಾಂತ ಹಿಡಿಯೋದು ಕಬ್ಬಿಣದ ಪುಡಿಯನ್ನು. ಅಲ್ಯೂಮಿನಿಯಂ ಆಕ್ಸೈಡು, ಸಿಲಿಕಾನ್ ಕಾರ್ಬೈಡು ಅದಕ್ಕೆ ಅಂಟೋದಿಲ್ಲ! ಪೇಪರ್ ಫಿಲ್ಟರೋ ಬ್ಯಾಗ್ ಫಿಲ್ಟರೋ ಬೇಕೇ ಬೇಕು.

ಇವೆಲ್ಲದರ ಜೊತೆ ದಿನನಿತ್ಯದ ಎರಡು ಮಾತು. ಹರಿದ ವೈಪರ್, ತೂತು ಬಿದ್ದ ಬೆಲ್ಲೋಸ್ ಕಂಡ ದಿನವೇ ಬದಲಾಯಿಸಿ. ವೈಪರಿನ ಬೆಲೆ, ಬಾಲ್ ಸ್ಕ್ರೂ ಬೆಲೆ ಎರಡನ್ನೂ ಒಂದೇ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಮತ್ತೆ ಹೇಳೋ ಕೆಲಸ ಇರೋದಿಲ್ಲ. ಇನ್ನು ಏರ್ ಗನ್. ಸ್ಲೈಡಿನ ಕಡೆ ಗಾಳಿ ಹೊಡೆದರೆ ಪುಡಿ ಹೊರಗೆ ಹೋಗೋದಕ್ಕಿಂತ ವೈಪರಿನ ಕೆಳಗೆ ಹೋಗೋದೇ ಹೆಚ್ಚು. ಬ್ರಷ್, ವ್ಯಾಕ್ಯೂಮ್, ಒರೆಸೋ ಬಟ್ಟೆ (ಅದೂ ಯಂತ್ರ ನಿಂತ ಮೇಲೆ) ಸಾಕು.

ಇದೆಲ್ಲ ಗೊತ್ತಿದ್ದೂ ಯಾಕೆ ಮಾಡೋದಿಲ್ಲ? ಕಾರಣ ರೇಟು. ಡ್ರಾಯಿಂಗಿನ ಮೂಲೆಯಲ್ಲಿ "ರಿಮೂವ್ ಆಲ್ ಬರ್ಸ್" ಅಂತ ಒಂದು ಸಾಲು ಇರುತ್ತದೆ, ಕೊಟೇಶನ್ನಿನಲ್ಲಿ ಅದಕ್ಕೆ ಒಂದು ರೂಪಾಯಿಯೂ ಇರೋದಿಲ್ಲ. ಪುಕ್ಕಟೆ ಕೆಲಸ ಅಂದಮೇಲೆ ಪುಕ್ಕಟೆ ಜಾಗದಲ್ಲೇ ಆಗುತ್ತದೆ, ಅಂದರೆ ಯಂತ್ರದ ಮೇಲೆ. ನಮ್ಮ ಹುಡುಗರನ್ನು ಬೈದು ಪ್ರಯೋಜನವಿಲ್ಲ. ಪಾಳಿ ಮುಗಿಯೋದರೊಳಗೆ ಇಷ್ಟು ಪೀಸ್ ಬೇಕು ಅಂತ ಕೇಳೋರು ನಾವೇ ತಾನೇ? ಬರ್ ತೆಗೆಯೋದನ್ನು ಕೊಟೇಶನ್ನಿನಲ್ಲಿ ಬೇರೆ ಸಾಲಾಗಿ ಬರೆಯಿರಿ. ಯಾವ ಅಂಚು, ಎಷ್ಟು ಅಂತ ಗಿರಾಕಿಯನ್ನು ಕೇಳಿ. ಅಂಚಿನ ಅಳತೆ ತೋರಿಸೋಕೆ ಐ.ಎಸ್.ಒ. 13715 ಅನ್ನೋ ಮಾನದಂಡವೇ ಇದೆ. ಬೇಡದ ಅಂಚನ್ನು ಉಜ್ಜೋ ಕೆಲಸವಾದರೂ ಉಳಿಯುತ್ತದೆ. ಗಿರಾಕಿ ಮುಖ ಸಿಂಡರಿಸಬಹುದು, ಎರಡು ರೂಪಾಯಿ ಕಡಿಮೆ ಮಾಡು ಅನ್ನಬಹುದು. ಆದರೆ ಸಾಲು ಇದ್ದರೆ ಚೌಕಾಸಿಯಾದರೂ ನಡೆಯುತ್ತದೆ, ಸಾಲೇ ಇಲ್ಲದಿದ್ದರೆ ಏನನ್ನು ಕೇಳ್ತೀರಿ?

ಸದ್ಯಕ್ಕೆ ಇಷ್ಟು ಮಾಡಿ ನೋಡಿ. ಮುಂದಿನ ಕೊಟೇಶನ್ನಿನಲ್ಲಿ ಆ ಒಂದು ಸಾಲು ಸೇರಿಸಿ, ಶಾಪಿನ ಮೂಲೆಯಲ್ಲಿ ಒಂದು ಬೆಂಚು ಹಾಕಿ. ಒಂದು ನಿಮಿಷದ ಉಳಿತಾಯ ಅನ್ನೋರು ನಿಮ್ಮಲ್ಲೂ ಇದ್ದಾರೆಯೇ? ಅವರ ಲೆಕ್ಕವನ್ನೂ ಕೇಳೋಣ.