ಗುದ್ದು ಹೆಗಲಿನದಲ್ಲ, ಪಾದದ್ದು

ರಜೆ ಹತ್ತಿರವಾದಂತೆ ಮಕ್ಕಳು ಮುಂದಿಡುವ ಬೇಡಿಕೆಗಳ ಪಟ್ಟಿಗೆ ಪಂಚಿಂಗ್ ಬ್ಯಾಗ್ ಕೂಡ ಸೇರಿದೆ. 2008ರಲ್ಲಿ ಬೀಜಿಂಗ್‌ನಲ್ಲಿ ವಿಜೇಂದರ್ ಸಿಂಗ್, 2012ರಲ್ಲಿ ಲಂಡನ್‌ನಲ್ಲಿ ಮೇರಿ ಕೋಮ್ ಒಲಿಂಪಿಕ್ ಕಂಚು ಗೆದ್ದ ಮೇಲೆ ಬಾಕ್ಸಿಂಗ್ ಎಂದರೆ ಪುಂಡರ ಆಟ ಎನ್ನುವವರು ಕಡಿಮೆಯಾಗಿದ್ದಾರೆ. ಸಂತೋಷ. ಆದರೆ ಬ್ಯಾಗ್ ತೂಗುಹಾಕಿದ ಎರಡನೇ ವಾರಕ್ಕೇ ಹೆಗಲು ನೋವೆಂಬ ರಾಗ ಶುರುವಾಗುವುದೂ ಉಂಟು. ಬ್ಯಾಗ್ ತಿರುಗಿ ಹೊಡೆಯುವುದಿಲ್ಲ, ಆದ್ದರಿಂದ ಅದರಿಂದ ಅಪಾಯವಿಲ್ಲ ಎಂದು ನಂಬಿದವರಿಗೆ ಇದು ಆಶ್ಚರ್ಯವೆನಿಸಬಹುದು.

ಸೊಂಟದ ಕೀಲನ್ನೂ ಭುಜದ ಕೀಲನ್ನೂ ಹೋಲಿಸಿ ನೋಡಿ. ತೊಡೆಮೂಳೆಯ ತಲೆ ಒರಳಿನಲ್ಲಿ ಗುಂಡುಕಲ್ಲು ಕುಳಿತಂತೆ ಆಳವಾದ ಗುಳಿಯಲ್ಲಿದೆ. ಭುಜದಲ್ಲಾದರೋ ತಟ್ಟೆಯ ಮೇಲೆ ನಿಂಬೆಹಣ್ಣು ಇಟ್ಟ ಹಾಗೆ. ಕೈ ಎಲ್ಲ ದಿಕ್ಕಿಗೂ ತಿರುಗುವುದು ಇದರಿಂದಲೇ, ಬೇಗ ಕೆಡುವುದೂ ಇದರಿಂದಲೇ. ನಿಂಬೆಹಣ್ಣು ಉರುಳದಂತೆ ಹಿಡಿದಿರುವುದು ಹೆಗಲ ಹಲಗೆಯಿಂದ ಹೊರಡುವ ನಾಲ್ಕು ಸಣ್ಣ ಸ್ನಾಯುಗಳ ಪಟ್ಟಿ. ವೈದ್ಯರು ಅದನ್ನು ರೊಟೇಟರ್ ಕಫ್ ಎನ್ನುತ್ತಾರೆ. ವೇಗವಾಗಿ ಚಾಚಿದ ಕೈಯನ್ನು ಕೊನೆಯಲ್ಲಿ ತಡೆಯುವ ಬ್ರೇಕ್ ಕೂಡ ಮುಖ್ಯವಾಗಿ ಇದೇ.

ಈ ಬ್ರೇಕ್ ಹರಿದರೆ ಏನಾದೀತು? 2000ದ ಏಪ್ರಿಲ್ 1ರಂದು ಬರ್ಲಿನ್‌ನಲ್ಲಿ ಉಕ್ರೇನಿನ ವಿಟಾಲಿ ಕ್ಲಿಚ್ಕೊ ಅಮೆರಿಕದ ಕ್ರಿಸ್ ಬರ್ಡ್ ಎದುರು ಅಂಕಗಳಲ್ಲಿ ಮುಂದಿದ್ದರು. ಒಂಬತ್ತು ಸುತ್ತು ಮುಗಿದಾಗ ಎಡಭುಜದ ಗಾಯದಿಂದ ಪಂದ್ಯ ಬಿಟ್ಟುಕೊಟ್ಟರು. ವಿಶ್ವ ಪಟ್ಟವೂ ಹೋಯಿತು. ಹರಿದದ್ದು ಇದೇ ಪಟ್ಟಿ. ಬರ್ಡ್ ಪೆಟ್ಟು ತಪ್ಪಿಸಿಕೊಳ್ಳುವುದರಲ್ಲಿ ನಿಪುಣ. ಗುರಿ ತಪ್ಪಿ ಗಾಳಿಗೆ ಹೋದ ಗುದ್ದನ್ನು ತಡೆಯುವ ಭಾರವೆಲ್ಲ ಹೊಡೆದವನ ಹೆಗಲಿಗೇ ಬೀಳುತ್ತದೆ. ಆರೂವರೆ ಅಡಿ ಮೀರಿದ ಆಳಿನ ಪಾಡೇ ಇದಾದರೆ ಎಂಟನೇ ತರಗತಿಯ ಹುಡುಗನ ಹೆಗಲೆಷ್ಟು?

ಆರಂಭದಲ್ಲಿ ಎಲ್ಲರೂ ಕೈಯಿಂದ ಹೊಡೆಯುತ್ತಾರೆ. ಅಲ್ಲೇ ತೊಂದರೆ. ಒಳ್ಳೆಯ ಗುದ್ದು ನೆಲದಿಂದ ಏಳುತ್ತದೆ. ಬಲಗೈಯವರು ಎಡಗಾಲು ಮುಂದಿಟ್ಟು, ಪಾದಗಳ ನಡುವೆ ಭುಜದಷ್ಟು ಅಗಲ ಬಿಟ್ಟು, ಮೊಣಕಾಲು ಸ್ವಲ್ಪ ಸಡಿಲಿಸಿ ನಿಲ್ಲಬೇಕು. ಬಲಗೈ ಬೀಸುವಾಗ ಬಲಪಾದ ಮುಂಗಾಲಿನ ಮೇಲೆ ತಿರುಗಿ, ಹಿಮ್ಮಡಿ ಹೊರಕ್ಕೆ ಹೊರಳಬೇಕು. ಅದರ ಹಿಂದೆ ಸೊಂಟ, ಆಮೇಲೆ ಎದೆ, ಎಲ್ಲಕ್ಕೂ ಕೊನೆಗೆ ಕೈ. ತಗಲುವುದು ತೋರುಬೆರಳು ಮತ್ತು ನಡುಬೆರಳಿನ ಗೆಣ್ಣು, ಮಣಿಕಟ್ಟು ನೆಟ್ಟಗಿರಲಿ. ನೇರ ಹೊಡೆತದಲ್ಲಿ ಮೊಣಕೈ ಪಕ್ಕಕ್ಕೆ ರೆಕ್ಕೆಯಂತೆ ಏಳದೆ ಮುಷ್ಟಿಯ ಹಿಂದೆಯೇ ಸಾಗಬೇಕು. ಬ್ಯಾಗ್ ಮುಟ್ಟುವ ಕ್ಷಣದಲ್ಲಿ ಅದು ಎಳ್ಳಷ್ಟು ಮಡಿದಿರಬೇಕು. ಕೈ ಪೂರ್ತಿ ಸೆಟೆದರೆ ಪೆಟ್ಟಿನ ಅದುರು ನೇರ ಕೀಲಿಗೆ ಹೋಗುತ್ತದೆ. ದೂರ ನಿಂತು ಎಟುಕಿಸಿ ಹೊಡೆಯುವವರಿಗೆ ಆಗುವುದೇ ಇದು. ಹುಕ್ ಎಂಬ ಪಕ್ಕದ ಹೊಡೆತದಲ್ಲಿ ಮೊಣಕೈ ಭುಜಕ್ಕಿಂತ ಮೇಲೇರಬಾರದು, ಬೆನ್ನಿನ ಹಿಂದಕ್ಕೂ ಹೋಗಬಾರದು. ಸಿನಿಮಾದ ನಾಯಕ ಕೈಯನ್ನು ಮಾರುದೂರ ಹಿಂದಕ್ಕೆಳೆದು ಬೀಸುತ್ತಾನಲ್ಲ, ಅದನ್ನು ಅವನಿಗೇ ಬಿಡಿ.

ಬ್ಯಾಗ್ ಉಯ್ಯಾಲೆಯಂತೆ ದೂರ ತೂಗಿದರೆ ಮಗು ಹೊಡೆಯುತ್ತಿಲ್ಲ, ನೂಕುತ್ತಿದೆ ಎಂದರ್ಥ. ಗುದ್ದಿದ ಕೈ ಹೋದಷ್ಟೇ ಬೇಗ ಗದ್ದದ ಬಳಿಗೆ ಮರಳಬೇಕು. ಆಗ ಬ್ಯಾಗ್ ಇದ್ದಲ್ಲೇ ಅದುರುತ್ತದೆ. ಪೋಷಕರು ಇದೆಲ್ಲ ಕಲಿತಿರಬೇಕಿಲ್ಲ. ಹಿಂಗಾಲಿನ ಹಿಮ್ಮಡಿ ನೋಡುತ್ತಿರಿ. ಅದು ನೆಲಕ್ಕೆ ಅಂಟಿದ್ದರೆ ಹೊಡೆಯುತ್ತಿರುವುದು ಬರೀ ಹೆಗಲು.

ಸಿಮೆಂಟ್ ಚೀಲಕ್ಕೆ ಮರಳು ತುಂಬಿ ಮಾವಿನ ಕೊಂಬೆಗೆ ಕಟ್ಟುವ ಉಪಾಯ ಬೇಡ. ಮರಳು ಕೆಳಗಿಳಿದು ಕಲ್ಲಿನಂತಾಗುತ್ತದೆ. ಹಳೇ ಬಟ್ಟೆಯ ಚೂರು ಒತ್ತಿ ತುಂಬಿದ ಚೀಲವೇ ವಾಸಿ. ಅದರ ತೂಕ ಹೊಡೆಯುವವರ ತೂಕದ ಅರ್ಧದಷ್ಟಿದ್ದರೆ ಸಾಕೆಂಬುದು ರೂಢಿಯ ಲೆಕ್ಕ. ಗ್ಲೌಸ್ ಒಳಗೆ ಕೈಗೆ ಬಟ್ಟೆಯ ಪಟ್ಟಿ ಸುತ್ತಿಕೊಳ್ಳಬೇಕು. ಎರಡು ನಿಮಿಷದ ಸುತ್ತು, ಒಂದು ನಿಮಿಷ ವಿಶ್ರಾಂತಿ, ಆರಂಭಕ್ಕೆ ಮೂರು ಸುತ್ತು, ಅದೂ ದಿನ ಬಿಟ್ಟು ದಿನ. ಗುದ್ದಿನ ರೀತಿ ಕೆಟ್ಟಿತೋ, ಗಡಿಯಾರದಲ್ಲಿ ಎಷ್ಟು ಉಳಿದಿದ್ದರೂ ನಿಲ್ಲಿಸಿ. ದಣಿದ ಸ್ನಾಯು ಕೀಲನ್ನು ಹಿಡಿದಿಡಲಾರದು.

ಗರಡಿಮನೆಯ ದಂಡ ಒಳ್ಳೆಯ ವ್ಯಾಯಾಮವೇ. ಆದರೆ ಅದೂ ಗುದ್ದಿನಂತೆ ಮುಂದಕ್ಕೆ ತಳ್ಳುವ ಕೆಲಸ. ಬೆನ್ನಿನ ಪಾಲನ್ನು ಕೊಡಲು ಎಳೆಯುವ ವ್ಯಾಯಾಮ ಬೇಕು. ಕಿಟಕಿಯ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ ಎದೆಯತ್ತ ಎಳೆಯುವುದು, ಮೊಣಕೈ ಪಕ್ಕೆಗೆ ಒತ್ತಿ ಮುಂಗೈಯನ್ನು ಹೊರಕ್ಕೆ ತಿರುಗಿಸುವುದು, ಇಷ್ಟಾದರೂ ಮಾಡಲಿ.

ಸ್ನಾಯು ಸೋತ ನೋವು ಒಂದೆರಡು ದಿನದಲ್ಲಿ ಇಳಿಯುತ್ತದೆ. ಕೈಯನ್ನು ಪಕ್ಕಕ್ಕೆ ಎತ್ತುವಾಗ ಚುಚ್ಚಿದರೆ, ರಾತ್ರಿ ಆ ಮಗ್ಗುಲಿಗೆ ಮಲಗಲಾಗದಿದ್ದರೆ, ತಲೆ ಬಾಚಲು ಕೈ ಏಳದಿದ್ದರೆ ಆಟ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಹದಿಹರೆಯದವರ ತೋಳುಮೂಳೆಯ ತುದಿಯಲ್ಲಿ ಬೆಳವಣಿಗೆ ಇನ್ನೂ ನಡೆಯುತ್ತಿರುವುದರಿಂದ ಎಣ್ಣೆ ತಿಕ್ಕಿ ಸುಮ್ಮನಾಗುವುದು ಸರಿಯಲ್ಲ. ಭುಜ ತಪ್ಪಿದಂತೆ ಕಂಡರಂತೂ ಮನೆಯಲ್ಲಿ ಯಾರೂ ಎಳೆದು ಕೂರಿಸಲು ಹೋಗಬೇಡಿ. ಕೈಯನ್ನು ಬಟ್ಟೆಯ ಜೋಲಿಯಲ್ಲಿರಿಸಿ ಆಸ್ಪತ್ರೆಗೆ ನಡೆಯಿರಿ.

ನಿಜಾಮಾಬಾದಿನ ನಿಖತ್ ಜರೀನ್ 2017ರಲ್ಲಿ ಭುಜದ ಗಾಯದಿಂದ ಕಣದಿಂದ ದೂರ ಉಳಿದಿದ್ದರು. 2022ರಲ್ಲಿ ವಿಶ್ವ ಚಾಂಪಿಯನ್ ಆದರು, 2023ರಲ್ಲಿ ಮತ್ತೊಮ್ಮೆ. ವೈದ್ಯರು ಒಪ್ಪಿದ ಮೇಲೆ ಮಕ್ಕಳು ಮೊದಲು ಬ್ಯಾಗ್ ಇಲ್ಲದೆ, ಕನ್ನಡಿಯೆದುರು ನಿಧಾನವಾಗಿ ಗುದ್ದಿನ ಚಲನೆ ಮಾಡಲಿ. ಅದರಲ್ಲಿ ನೋವಿಲ್ಲವೆಂದಾದರೆ ಬ್ಯಾಗನ್ನು ಬರೀ ಮುಟ್ಟಿ ಬರುವಷ್ಟು ಹಗುರವಾಗಿ ಶುರುಮಾಡಲಿ.