ಚೀಟಿ ಸಮರ್ಥಿಸುವವರಿಗೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಸರ್ಕಾರಿ ಕಚೇರಿಗಳಲ್ಲಿ ಹೊರಗುತ್ತಿಗೆ ಮೇಲೆ ಕೊಡುವ ಕೆಲಸಕ್ಕೂ ಬಹಿರಂಗವಾಗಿ ಅರ್ಜಿ ಕರೆಯಿರಿ, ಅಂಕದ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಿ, ಆಮೇಲೆ ಆರಿಸಿಕೊಳ್ಳಿ. ನಾವು ಕೇಳುವುದು ಇಷ್ಟೇ. ಇಷ್ಟಕ್ಕೇ ಸಿಡುಕುವವರು ಬಹಳ ಮಂದಿ ಇದ್ದಾರೆ: ಪಕ್ಷದ ಕಾರ್ಯಕರ್ತರು, ಏಜೆನ್ಸಿಯವರು, ನಿವೃತ್ತ ಅಧಿಕಾರಿಗಳು, ಬೆಂಗಳೂರಿನಲ್ಲಿ ಕೂತು ಈ ಕಡೆಯ ಮಂದಿಗೆ ಬುದ್ಧಿ ಹೇಳುವವರು, ಒಮ್ಮೊಮ್ಮೆ ನಮ್ಮ ಸೋದರಮಾವಂದಿರೂ. ಅವರ ಒಂದೊಂದು ಮಾತಿಗೂ ಉತ್ತರ ಬಾಕಿ ಉಳಿದಿತ್ತು.

"ಹುಡುಗರ ಕೈಯಾಗ ಡಿಗ್ರಿ ಅದ, ಖರೆ. ಆದರ ಕೆಲಸ ಬರಂಗಿಲ್ಲ." ಎಲ್ಲರೂ ಮೊದಲು ಆಡುವ ಮಾತು ಇದು. ಇದರಲ್ಲಿ ಅರ್ಧ ನಿಜವಿದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 114 ತಾಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು; ಆ 39ರಲ್ಲಿ 21 ಗುಲಬರ್ಗಾ (ಈಗ ಕಲಬುರಗಿ) ವಿಭಾಗದವು. ನಮ್ಮ ಮೂರೂ ತಾಲೂಕು ಆ ಪಟ್ಟಿಯಲ್ಲಿವೆ. ಇಂಗ್ಲಿಷಿಗೂ ಗಣಿತಕ್ಕೂ ಒಬ್ಬರೇ ಮಾಸ್ತರು ಇದ್ದ ಶಾಲೆಯಲ್ಲಿ ಓದಿ, ಬಸ್ ಹಿಡಿದು ಕಾಲೇಜಿಗೆ ಹೋಗಿ ಬಿ.ಎ., ಬಿ.ಕಾಂ. ಮುಗಿಸಿದವರು ಕಲಿಯಬೇಕಾದದ್ದು ಇನ್ನೂ ಇರುತ್ತದೆ, ಇಲ್ಲ ಎಂದವರಾರು? ಆದರೆ ಸಾಹೇಬರ ಶಿಫಾರಸು ಚೀಟಿ ಹಿಡಿದು ಬಂದವನಿಗೆ ಕೆಲಸ ಬರುತ್ತದೋ ಇಲ್ಲವೋ ಎಂದು ನೋಡಿದವರು ಯಾರು? ಕಂಪ್ಯೂಟರ್ ಕೆಲಸಕ್ಕೆ ತಗೊಳ್ಳುವಾಗ ನುಡಿ ತಂತ್ರಾಂಶದಲ್ಲಿ ಒಂದು ಪುಟ ಟೈಪು ಮಾಡಿಸಿ ತಪ್ಪು ಎಣಿಸಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷವನ್ನೇ ಉಳಿಸಿಕೊಂಡವರು ಕೌಶಲದ ಬಗ್ಗೆ ಭಾಷಣ ಮಾಡುತ್ತಾರೆ.

ಕೆಲಸ ಕೇಳಿಕೊಂಡು ಬರುವ ಹುಡುಗಿಯ ಪ್ಲಾಸ್ಟಿಕ್ ಫೈಲನ್ನು ಒಮ್ಮೆ ಬಿಚ್ಚಿ ನೋಡಬೇಕು. ಆರೂ ಸೆಮಿಸ್ಟರಿನ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಒಂದು, ಹಳ್ಳಿ ಶಾಲೆಯಲ್ಲಿ ಓದಿದ್ದಕ್ಕೆ ಬಿಇಒ ಮೇಲುಸಹಿ ಮಾಡಿದ ಇನ್ನೊಂದು, ನಮ್ಮ ಭಾಗದವಳೆಂಬುದಕ್ಕೆ ಸಹಾಯಕ ಆಯುಕ್ತರ ಸಹಿಯ 371(ಜೆ) ಅರ್ಹತಾ ಪತ್ರ. ಎಲ್ಲದರ ಹಿಂದೆ ಝೆರಾಕ್ಸ್ ಸೆಟ್ಟು, ಅದರ ಹಿಂದೆ ಪಾಸ್‌ಪೋರ್ಟ್ ಅಳತೆಯ ಫೋಟೊ ಇರುವ ಸಣ್ಣ ಪಾಕೀಟು. ಒಂದೊಂದು ಕಾಗದಕ್ಕೂ ಅವಳು ಒಂದೊಂದು ಕಚೇರಿಯ ಬಾಗಿಲು ಕಾದಿದ್ದಾಳೆ. ಚೀಟಿ ತಂದು ಅದೇ ಕಚೇರಿಯೊಳಗೆ ಕೂತವನನ್ನು ಇದರಲ್ಲಿ ಒಂದೇ ಒಂದು ಕಾಗದವನ್ನಾದರೂ ತೋರಿಸು ಎಂದು ಕೇಳಿದವರಿಲ್ಲ.

"371(ಜೆ) ಕೊಟ್ಟಾಯಿತಲ್ಲ, ಇನ್ನೇನು ಬೇಕು?" ಇದು ಬೆಂಗಳೂರು ಕಡೆಯ ಪ್ರಶ್ನೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಈ ವಿಧಿ ಬಂದಿತು, 2013ರ ನವೆಂಬರಿನಲ್ಲಿ ಆದೇಶವೂ ಹೊರಟಿತು. ಸ್ಥಳೀಯ ವೃಂದದಲ್ಲಿ ಎ ಮತ್ತು ಬಿ ಗುಂಪಿನ ಹುದ್ದೆಗಳಲ್ಲಿ ಶೇ 75, ಸಿ ಗುಂಪಿನಲ್ಲಿ ಶೇ 80, ಡಿ ಗುಂಪಿನಲ್ಲಿ ಶೇ 85 ನಮ್ಮ ಭಾಗದವರಿಗೆ. ಲೆಕ್ಕ ಚೆಂದವಿದೆ. ಆದರೆ ಇದು ತುಂಬುವ ಹುದ್ದೆಗಳಲ್ಲಿನ ಪಾಲು. ತುಂಬದೇ ಬಿಟ್ಟರೆ ಸೊನ್ನೆಯ ಶೇ 80 ಸೊನ್ನೆಯೇ. ರಾಜ್ಯ ಸರ್ಕಾರದಲ್ಲಿ ಮಂಜೂರಾಗಿಯೂ ಖಾಲಿ ಬಿದ್ದಿರುವ ಹುದ್ದೆಗಳು ಎರಡೂವರೆ ಲಕ್ಷಕ್ಕೂ ಮೇಲೆ. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗಲಿ ಎಂದು 2024ರ ಅಕ್ಟೋಬರ್ ಕೊನೆಯಿಂದ ಹೊಸ ಅಧಿಸೂಚನೆಗಳನ್ನು ನಿಲ್ಲಿಸಿದರು. ಸಚಿವ ಸಂಪುಟ ತೀರ್ಮಾನಕ್ಕೆ ಬಂದದ್ದು 2025ರ ಆಗಸ್ಟ್‌ನಲ್ಲಿ. ಒಳಮೀಸಲಾತಿ ಬೇಡಿಕೆ ನ್ಯಾಯವಾದದ್ದೇ, ಅದಕ್ಕಾಗಿ ಕಾದದ್ದಕ್ಕೆ ತಕರಾರಿಲ್ಲ. ತಕರಾರು ಬೇರೆ ಇದೆ. ಕಾಯಂ ನೇಮಕಾತಿ ನಿಲ್ಲಿಸಿದವರು ಹೊರಗುತ್ತಿಗೆಯನ್ನು ನಿಲ್ಲಿಸಲಿಲ್ಲ. ಮುಂಬಾಗಿಲಿಗೆ ಬೀಗ ಬಿದ್ದಷ್ಟು ದಿನ ಹಿಂಬಾಗಿಲಲ್ಲಿ ಓಡಾಟ ಜೋರಾಗುತ್ತದೆ, ಅಲ್ಲಿ 371(ಜೆ) ಪತ್ರ ತೋರಿಸು ಎನ್ನುವವರೂ ಇಲ್ಲ.

"ಪರೀಕ್ಷೆ ಕೆಡಿಸಿದವರೂ ನಿಮ್ಮ ಕಡೆಯವರೇ ಅಲ್ಲವೇ?" ಈ ಮಾತು ಚುಚ್ಚುತ್ತದೆ; ಚುಚ್ಚಲೆಂದೇ ಆಡುತ್ತಾರೆ. ಆದ್ದರಿಂದ ಸ್ವಲ್ಪ ನಿಂತು ಉತ್ತರ ಕೊಡಬೇಕು. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಬರೆದವರು 54 ಸಾವಿರ ಮಂದಿ. 2022ರ ಏಪ್ರಿಲ್‌ನಲ್ಲಿ ಸಿಐಡಿ ತನಿಖೆ ಶುರುವಾದಾಗ ಮೊದಲು ಹೊರಬಂದದ್ದು ಕಲಬುರಗಿಯ ಒಂದು ಖಾಸಗಿ ಶಾಲೆಯ ಪರೀಕ್ಷಾ ಕೇಂದ್ರದ ಹೆಸರು. 21 ಪ್ರಶ್ನೆಗಳಿಗಷ್ಟೇ ಗುರುತು ಹಾಕಿ ಎದ್ದ ಅಭ್ಯರ್ಥಿಗೆ 150ಕ್ಕೆ 121 ಅಂಕ ಬಂದಿತ್ತೆಂಬುದು ಆರೋಪ. ಅಭ್ಯರ್ಥಿಯ ಬಳಿ ಉಳಿಯುವ ಕಾರ್ಬನ್ ಪ್ರತಿಯಲ್ಲಿ ಖಾಲಿ ಇದ್ದ ವೃತ್ತಗಳು ಒಳಗಿನ ಮೂಲ ಒಎಂಆರ್ ಹಾಳೆಯಲ್ಲಿ ಕಪ್ಪಾಗಿದ್ದವು. ಮುಖ್ಯ ಆರೋಪಿಗಳಲ್ಲಿ ಒಬ್ಬ ಅಫಜಲಪುರ ತಾಲೂಕಿನವನು. ಮುಂದೆ 2023ರ ಅಕ್ಟೋಬರ್ 28ರಂದು ನಿಗಮ ಮಂಡಳಿಗಳ ಎಫ್‌ಡಿಎ ಹುದ್ದೆಗಳಿಗೆ ಕೆಇಎ ನಡೆಸಿದ ಪರೀಕ್ಷೆಯಲ್ಲಿ ಬ್ಲೂಟೂತ್ ಸಿಕ್ಕಾಗಲೂ ಅದೇ ಆರೋಪಿಯ ಹೆಸರು ಕೇಳಿಬಂತು. ಇದೆಲ್ಲ ಆದದ್ದೇ, ಮುಚ್ಚಿಡುವುದಿಲ್ಲ.

ಈಗ ಅದೇ ದಾಖಲೆಯ ಇನ್ನೊಂದು ಪುಟವನ್ನೂ ಓದಿ. ಪೊಲೀಸ್ ನೇಮಕಾತಿ ವಿಭಾಗದ ಎಡಿಜಿಪಿ ಆಗಿದ್ದ ಅಮೃತ್ ಪಾಲ್ ಅವರನ್ನು 2022ರ ಜುಲೈ 4ರಂದು ಸಿಐಡಿ ಬಂಧಿಸಿದ್ದು ಬೆಂಗಳೂರಿನಲ್ಲಿ. ಉತ್ತರ ಪತ್ರಿಕೆ ಇಟ್ಟಿದ್ದ ಸ್ಟ್ರಾಂಗ್ ರೂಮಿಗೇ ಕೈ ಹಾಕಿದ್ದರೆಂಬ ಆರೋಪ ಬಂದದ್ದೂ ಬೆಂಗಳೂರಿನಲ್ಲೇ. ರೊಕ್ಕ ಕೊಟ್ಟವರೆಂದು ಹಿಡಿದು ತಂದವರು ಹತ್ತಾರು ಜಿಲ್ಲೆಯವರು. ಪ್ರಕರಣಗಳು ನ್ಯಾಯಾಲಯದಲ್ಲಿವೆ, ಯಾರು ಅಪರಾಧಿ ಎಂದು ನಾನು ತೀರ್ಪು ಕೊಡಲಾರೆ. ಆದರೆ ಒಂದು ಕೇಳಬಲ್ಲೆ: ಅಫಜಲಪುರದ ಒಬ್ಬನ ಮೇಲೆ ಆರೋಪ ಬಂದರೆ ಇಡೀ ತಾಲೂಕಿನ ಪದವೀಧರರು ತಲೆ ತಗ್ಗಿಸಬೇಕು, ಬೆಂಗಳೂರಿನಲ್ಲಿ ಅಷ್ಟು ದೊಡ್ಡ ಅಧಿಕಾರಿಯ ಬಂಧನವಾದರೆ ಬೆಂಗಳೂರು ತಗ್ಗಿಸಬೇಕಿಲ್ಲ, ಇದು ಯಾವ ನ್ಯಾಯ? ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಕೋಣೆ ಹಿಡಿದು ಓದುವ ನಮ್ಮ ಹುಡುಗ "ನಾನು ಅಫಜಲಪುರದವ" ಎಂದರೆ ಪಕ್ಕದ ಮೇಜಿನವರು ನಗುತ್ತಾರೆ. ಮೊದಲು ಅವನ ಸೀಟು ಹೋಯಿತು, ಆಮೇಲೆ ಅವನ ಊರಿನ ಹೆಸರೂ ಹೋಯಿತು.

ಇದಕ್ಕೆ ಅಂಟಿಕೊಂಡೇ ಬರುವ ಇನ್ನೊಂದು ಆಕ್ಷೇಪವನ್ನು ನಾನು ಗೌರವದಿಂದ ಕೇಳುತ್ತೇನೆ: ಪಿಎಸ್‌ಐ ಪರೀಕ್ಷೆಯನ್ನೇ ರದ್ದು ಮಾಡಿದ್ದರಿಂದ ಪ್ರಾಮಾಣಿಕವಾಗಿ ಬರೆದು ಆಯ್ಕೆಯಾದವರಿಗೂ ಶಿಕ್ಷೆಯಾಯಿತು. ನಿಜ, ಆಯಿತು. 2022ರ ಏಪ್ರಿಲ್‌ನಲ್ಲಿ ರದ್ದು, 2023ರ ನವೆಂಬರ್ 10ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, 2024ರ ಜನವರಿ 23ರಂದು ಮರುಪರೀಕ್ಷೆ, ಅಂತಿಮ ಪಟ್ಟಿ ಅದೇ ವರ್ಷದ ಅಕ್ಟೋಬರ್‌ನಲ್ಲಿ. ಮೊದಲ ಅರ್ಜಿ ಹಾಕಿದ್ದು 2021ರಲ್ಲಿ. ಈ ನಡುವೆ ಎಷ್ಟೋ ಮಂದಿ ಹೊಲಕ್ಕೆ ಮರಳಿದರು, ಕೆಲವರು ಮದುವೆಯಾಗಿ ಪುಸ್ತಕ ಕಟ್ಟಿಟ್ಟರು. ಆದರೆ ಕಲಬೆರಕೆಯಾದ ಪಟ್ಟಿಯನ್ನು ಹಾಗೇ ಒಪ್ಪಿಕೊಂಡಿದ್ದರೆ ಸೋತ ಸಾವಿರಾರು ಮಂದಿ ಯಾರನ್ನು ನಂಬಬೇಕಿತ್ತು? ಪ್ರಾಮಾಣಿಕರಿಗಾದ ಅನ್ಯಾಯದ ಹೊಣೆ ಹಾಳೆ ತಿದ್ದಿದವರದು. ರದ್ದು ಮಾಡಿ ಎಂದವರ ಮೇಲೆ ಅದನ್ನು ಹೊರಿಸಬೇಡಿ.

"ಅಂಕ ಒಂದೇ ನೋಡಿದರೆ ಹೇಗೆ? ಎದುರಿಗೆ ಕೂರಿಸಿ ಮಾತಾಡಿಸಬೇಕು." ಮಾತಾಡಿಸಿ ನೋಡಿಯಾಗಿದೆ. 2011ನೇ ಸಾಲಿನ 362 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಆಯ್ಕೆಯಲ್ಲಿ ಸಂದರ್ಶನಕ್ಕೆ 200 ಅಂಕ ಇದ್ದವು. 2013ರಲ್ಲಿ ದೂರು ಬಂತು, ಸಿಐಡಿ ತನಿಖೆಯಾಯಿತು, 2014ರಲ್ಲಿ ಸರ್ಕಾರವೇ ಆ ಪಟ್ಟಿಯನ್ನು ಕೈಬಿಟ್ಟಿತು. ನ್ಯಾಯಮಂಡಳಿ, ಹೈಕೋರ್ಟ್ ಎಲ್ಲ ಸುತ್ತಿ ಕೊನೆಗೆ 2022ರಲ್ಲಿ ಆ ನೇಮಕಾತಿಯನ್ನು ಊರ್ಜಿತಗೊಳಿಸಲು ವಿಧಾನಮಂಡಲ ಕಾಯ್ದೆಯನ್ನೇ ಮಾಡಬೇಕಾಯಿತು. ಗ್ರಾಮ ಮಟ್ಟದ ಕೆಲಸಕ್ಕೂ "ಎದುರಿಗೆ ಕೂರಿಸಿ" ಎನ್ನುವವರು ಆ ಹನ್ನೊಂದು ವರ್ಷಗಳ ಕಡತ ಒಮ್ಮೆ ತಿರುವಿ ಹಾಕಲಿ.

ಇನ್ನು ಅಸಲು ವಾದ. "ಅದು ತಾತ್ಕಾಲಿಕ ಕೆಲಸ, ನಂಬಿಕಸ್ಥ ಹುಡುಗ ಬೇಕು. ನಮ್ಮವರಿಗೆ ಕೊಟ್ಟರೆ ತಪ್ಪೇನು?" ಕೆಲಸ ಹೇಗೆ ಸಿಗುತ್ತದೆ ಎಂಬುದು ಊರಿಗೆಲ್ಲ ಗೊತ್ತಿದೆ. ಟೆಂಡರ್ ಏಜೆನ್ಸಿಗೆ ಆಗುತ್ತದೆ, ಹೆಸರು ಮಾತ್ರ ಏಜೆನ್ಸಿಯಿಂದ ಬರುವುದಿಲ್ಲ. "ಸಾಹೇಬರು ಹೇಳ್ಯಾರ" ಎಂಬ ಒಂದು ಫೋನು, ಇಲ್ಲವೇ ಮಡಚಿದ ಒಂದು ಚೀಟಿ, ಅಷ್ಟೇ. ಸಂಬಳ ಸರ್ಕಾರದ ಖಜಾನೆಯದು, ಋಣ ಸಾಹೇಬರದು. ಆ ಹುಡುಗನ ಮೇಲೂ ನನಗೆ ಸಿಟ್ಟಿಲ್ಲ: ಅವನ ಸಂಬಳ ತಿಂಗಳುಗಟ್ಟಲೆ ತಡವಾಗುತ್ತದೆ, ಪಿಎಫ್ ಕಟ್ಟಿದ್ದಾರೋ ಇಲ್ಲವೋ ಅವನಿಗೇ ಗೊತ್ತಿರುವುದಿಲ್ಲ, ಚುನಾವಣೆ ಬಂದರೆ ಬಾವುಟ ಹಿಡಿಯಬೇಕು, ಸಾಹೇಬರು ಸೋತರೆ ಇವನೂ ಮನೆಗೆ. ಚೀಟಿ ಕೊಟ್ಟವರು ಅವನಿಗೆ ಉಪಕಾರ ಮಾಡಿದರೆಂದು ಹೇಳುವವರು ಅವನನ್ನೇ ಕೇಳಲಿ.

"ತಾತ್ಕಾಲಿಕ" ಎಂಬುದಕ್ಕೂ ಒಂದು ಚರಿತ್ರೆ ಇದೆ, ಅದೂ ನಮ್ಮದೇ ರಾಜ್ಯದ್ದು. ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಏಪ್ರಿಲ್ 10ರಂದು ಹೇಳಿದ್ದು ಇಷ್ಟು: ಸಾರ್ವಜನಿಕ ಉದ್ಯೋಗದಲ್ಲಿ ಎಲ್ಲರಿಗೂ ಸಮಾನ ಅವಕಾಶ ಇರಬೇಕು, ಹಿಂಬಾಗಿಲಿನಿಂದ ಬಂದವರು ಕಾಯಂ ಮಾಡಿ ಎಂದು ಹಕ್ಕಿನಿಂದ ಕೇಳುವಂತಿಲ್ಲ. ಅದೇ ನ್ಯಾಯಾಲಯ 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ, ಈ ತೀರ್ಪನ್ನೇ ನೆಪ ಮಾಡಿಕೊಂಡು ವರ್ಷಗಟ್ಟಲೆ ದುಡಿಸಿಕೊಂಡು ಕೈಬಿಡುವುದು ಸಲ್ಲದೆಂದೂ ಹೇಳಿತು. ಎರಡನ್ನೂ ಕೂಡಿಸಿ ಓದಿದರೆ ಸಿಗುವ ಅರ್ಥ ಕಚೇರಿಗಳಿಗೆ ಇಷ್ಟವಾಗುವಂಥದ್ದಲ್ಲ. ಕೆಲಸ ಕಾಯಂ ಇದ್ದರೆ ಕಾಯಂ ನೇಮಕ ಮಾಡಬೇಕು. ತಾತ್ಕಾಲಿಕವೇ ಆದರೂ ಬಾಗಿಲು ಎಲ್ಲರಿಗೂ ತೆರೆದಿರಬೇಕು.

"ಹೊರಗುತ್ತಿಗೆಯಲ್ಲೂ ಈಗ ಮೀಸಲಾತಿ ಬಂದಿದೆಯಲ್ಲ" ಎಂದು ಕೆಲವರು 2024ರ ಮೇ ತಿಂಗಳ ಆದೇಶ ತೋರಿಸುತ್ತಾರೆ. ಒಳ್ಳೆಯ ಆದೇಶವೇ. ಆದರೆ ಅದು 20ಕ್ಕಿಂತ ಕಡಿಮೆ ಮಂದಿ ಇರುವ ಕಡೆ ಅನ್ವಯಿಸುವುದಿಲ್ಲ. ತಾಲೂಕಿನ ಒಂದು ಕಚೇರಿಯಲ್ಲಿ ಹೊರಗುತ್ತಿಗೆಯವರು ನಾಲ್ವರೋ ಐವರೋ. ಕಚೇರಿಯನ್ನೇ ಘಟಕವೆಂದು ಲೆಕ್ಕ ಹಿಡಿದರೆ ಮುಗಿಯಿತು. ಜಿಲ್ಲೆಯ ಎಲ್ಲ ಕಚೇರಿಗಳನ್ನು ಕೂಡಿಸಿ ಒಂದೇ ರೋಸ್ಟರ್ ಮಾಡಿದರೆ ಮಾತ್ರ ಆದೇಶಕ್ಕೆ ಹಲ್ಲು ಬರುತ್ತದೆ.

"ಹೇಳೋದು ಸುಲಭ, ಮಾಡೋದು ಆಗಂಗಿಲ್ರಿ" ಎನ್ನುತ್ತಾರೆ ಅಧಿಕಾರಿಗಳು. ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಏನು ಕಾಯಂ ನೌಕರರೇ? ಅವರ ಗೌರವಧನ, ಭದ್ರತೆಯ ಜಗಳ ಇನ್ನೂ ಮುಗಿದಿಲ್ಲ, 2023ರ ಕೊನೆಯಲ್ಲಿ ತಿಂಗಳಿಗೂ ಮೇಲೆ ಮುಷ್ಕರ ಕೂತರು. ಆದರೂ ಅವರ ಆಯ್ಕೆ ಆನ್‌ಲೈನ್ ಅರ್ಜಿ, ಅಂಕಗಳ ಪಟ್ಟಿ, ಕೌನ್ಸೆಲಿಂಗ್ ಮೂಲಕ ಆಗುತ್ತದೆ. ರಾಜ್ಯಕ್ಕೆಲ್ಲ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಪಟ್ಟಿ ಮಾಡಲು ಬರುವುದಾದರೆ, ಜೇವರ್ಗಿಯ ನಾಲ್ಕು ಕಂಪ್ಯೂಟರ್ ಆಪರೇಟರುಗಳ ಪಟ್ಟಿ ಮಾಡಲು ಏನು ಕಷ್ಟ? ಖಾಸಗಿ ಏಜೆನ್ಸಿ ಬಿಟ್ಟು ಸಹಕಾರ ಸಂಘದ ಮೂಲಕ ನೌಕರರನ್ನು ಒದಗಿಸುವ ಮಾದರಿಯೂ ಪಕ್ಕದ ಬೀದರಿನಲ್ಲೇ ಇದೆ.

"ಸರ್ಕಾರಿ ನೌಕರಿನೇ ಯಾಕ? ಪುಣೆಗೆ ಹೋಗ್ರಿ, ಸ್ವಂತ ಏನರೆ ಮಾಡ್ರಿ." ಹೋಗಿಲ್ಲವೇ? ಸೊಲ್ಲಾಪುರ, ಪುಣೆ, ಮುಂಬಯಿ, ಹೈದರಾಬಾದಿಗೆ ನಮ್ಮ ಹಳ್ಳಿಗಳು ಖಾಲಿಯಾಗಿ ಎಷ್ಟು ವರ್ಷವಾಯಿತು. ಹವಳಗಾ, ಭೂಸನೂರಿನ ಸಕ್ಕರೆ ಕಾರ್ಖಾನೆಗಳು ಎಷ್ಟು ಪದವೀಧರರನ್ನು ಸಾಕಬಲ್ಲವು? ತೊಗರಿ ಬೆಲೆ ಬಿದ್ದ ವರ್ಷ ಅಪ್ಪನ ಬೆಳೆಸಾಲವೇ ತೀರುವುದಿಲ್ಲ, ಮಗನ ಅಂಗಡಿಗೆ ಜಾಮೀನು ನಿಲ್ಲುವವರು ಯಾರು? ತನ್ನ ಮನೆಯ ಹುಡುಗನನ್ನು ಊರಲ್ಲೇ ಕಚೇರಿಗೆ ಸೇರಿಸಿಕೊಂಡವರು ಪರರ ಮಕ್ಕಳಿಗೆ ಪುಣೆಯ ದಾರಿ ತೋರಿಸುವುದಂತೂ ಕೇಳಲು ಬಹಳ ಮಜವಾಗಿರುತ್ತದೆ.

ಯುವನಿಧಿ ಭತ್ಯೆ ಕೊಡುತ್ತಿದ್ದೇವಲ್ಲ ಎನ್ನುವವರಿಗೆ ಎರಡೇ ಮಾತು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಬಸ್ ಚಾರ್ಜಿಗೂ ಅರ್ಜಿ ಶುಲ್ಕಕ್ಕೂ ಆಗುತ್ತದೆ, ಬೇಡ ಎನ್ನುವುದಿಲ್ಲ. ಅರ್ಜಿ ಹಾಕಲು ಹುದ್ದೆ ಕರೆಯಿರಿ.

ಕೊನೆಗೆ ಉಳಿದದ್ದು ಹಿರಿಯರ ಬುದ್ಧಿಮಾತು: "ಪಟ್ಟಿ ಹಚ್ಚಿದ್ರ ಊರಾಗ ಜಗಳ ಆಗ್ತಾವ, ಬ್ಯಾಡ ಬಿಡ್ರಪ." ಜಗಳ ಈಗ ಇಲ್ಲವೇ? ಯಾರ ಮಗನನ್ನು ತಗೊಂಡರು, ಯಾರ ಜಾತಿಯವ, ಎಷ್ಟು ಕೊಟ್ಟ ಎಂದು ಚಹಾದಂಗಡಿಯಲ್ಲಿ ದಿನಾ ಜಗಳವೇ. ನೌಕರರ ಹೆಸರು, ಸಂಬಳ ತಾನಾಗಿ ಪ್ರಕಟಿಸಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕಲಮು 2005ರಿಂದಲೇ ಹೇಳುತ್ತಿದೆ. ಅದರಂತೆ ಹೊರಗುತ್ತಿಗೆಯವರ ಹೆಸರನ್ನೂ ಸೇರಿಸಿ ಹಚ್ಚಿ: ಹೆಸರು, ವಿದ್ಯಾರ್ಹತೆ, ಅಂಕ, ಏಜೆನ್ಸಿ, ಸೇರಿದ ದಿನಾಂಕ, ಆಕ್ಷೇಪ ಸಲ್ಲಿಸಲು ಏಳು ದಿನ. ಆಗಲೂ ಜಗಳ ಬರುತ್ತದೆ, ಬರಲಿ. ಆ ಜಗಳದಲ್ಲಿ ಕೈಗೊಂದು ಕಾಗದ ಇರುತ್ತದೆ, ಉತ್ತರ ಕೊಡಲು ಸಹಿ ಹಾಕಿದ ಒಬ್ಬ ಅಧಿಕಾರಿ ಇರುತ್ತಾನೆ.